ಭಾಗೀರಥಿಬಾಯಿಯ ಹಾಡಿಗೆ ಕಂಸ ಹಾಕಿದ್ದು

ಬೀದರ ಜಿಲ್ಲೆಯ ಸಮಸ್ತ ಜನಪದ ಹಾಡುಗಳನ್ನು ಸಾದಾ ಪಠ್ಯದ ಕಡತಗಳಾಗಿ ಉಳಿಸತಕ್ಕದ್ದೆಂದೂ, ಗಿಟಾರಿನ ಕಾರ್ಡನ್ನು, ಅಂದರೆ ಜೊತೆಗೆ ನುಡಿಸುವ ಸ್ವರಗುಚ್ಛದ ಹೆಸರನ್ನು, ಪ್ರತಿ ಸಾಲಿನಲ್ಲೂ ಚೌಕ ಕಂಸದೊಳಗೆ ನಮೂದಿಸತಕ್ಕದ್ದೆಂದೂ, ಹಾಗೆ ನಮೂದಿಸದ ಹಾಡನ್ನು ಹಾಡೆಂದು ಪರಿಗಣಿಸಲಾಗದೆಂದೂ ಜಿಲ್ಲಾ ಗೀತ ಸಂರಕ್ಷಣಾ ಕೋಶವು ಆದೇಶ ಹೊರಡಿಸಿತು.

ಔರಾದದ ಶಾಲೆಯೊಂದರಲ್ಲಿ ಸಂಗೀತ ಕಲಿಸುವ ಉಜ್ವಲಾ, ಚಿಂತಾಕಿಯ ತನ್ನ ಅಜ್ಜಿ ಭಾಗೀರಥಿಬಾಯಿಯನ್ನು ಬಸ್ಸು ಹತ್ತಿಸಿಕೊಂಡು ಬೀದರಿಗೆ ಬಂದಳು. ಮಗಳನ್ನು ಶಾಲೆಗೆ ಎಬ್ಬಿಸಲೆಂದು ಬೀಸುವ ಕಲ್ಲಿನ ಮುಂದೆ ಕೂತು ಅಜ್ಜಿ ತಾನೇ ಕಟ್ಟಿದ ಹಾಡೊಂದಿತ್ತು. ಆ ಮಗಳೇ ಉಜ್ವಲಾಳ ತಾಯಿ, ಆ ಮನೆತನದಲ್ಲಿ ಮೊದಲು ಅಕ್ಷರ ಕಲಿತವಳು. "ಸಾಯೋದ್ರಾಗ ಇದನ್ನ ಸಾಲಿ ಮಕ್ಕಳ ಬಾಯಾಗ ಕೇಳ್ಬೇಕವ್ವಾ" ಎಂಬುದು ಅಜ್ಜಿಯ ಒಂದೇ ಆಸೆ.

ಕೋಶದ ಅಧೀಕ್ಷಕ ನರಸಿಂಗ ಹಾಡಿನ ಹಾಳೆ ತಿರುವಿ ನೋಡಿದರು.

"ಕಾರ್ಡ್ ಎಲ್ಲದರಿ?"

ಅಜ್ಜಿ ಸೊಂಟದ ಚೀಲದಿಂದ ರೇಷನ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು.

"ಈ ಕಾರ್ಡ್ ಅಲ್ರಿ ಆಯಿ. ಗಿಟಾರಿಂದು."

"ಸರ್, ಇದು ಬೀಸೋ ಕಲ್ಲಿನ ಹಾಡರಿ. ಗಿಟಾರ್ ಎಲ್ಲಿಂದ ಬರಬೇಕ್ರಿ?" ಎಂದಳು ಉಜ್ವಲಾ.

"ಹಂಗಂದ್ರ ಕಲ್ಲಿಗಿ ಕಾರ್ಡ್ ಇಲ್ಲಂತ ತಹಸೀಲ್ದಾರರ ದೃಢೀಕರಣ ತರ್ರಿ. ಇಲ್ಲಾ, ಭಾಲ್ಕಿಗಿ ಹೋಗ್ರಿ. ಅಲ್ಲಿ ಅಧಿಕೃತ ಕಂಸ ಕೇಂದ್ರ ಅದ. ಬ್ಯಾರೆ ಕಡಿ ಹಾಕಿಸಿದ ಕಂಸ ನಾವು ತಗೋಳಲ್ರಿ."

ಭಾಲ್ಕಿಯ ಕೇಂದ್ರ ನರಸಿಂಗರ ಭಾವಮೈದುನ ಶಿವಕಾಂತನದು. ಮೊನ್ನೆ ಮೊನ್ನೆಯವರೆಗೆ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದ ಆತ, ಹಾಡಿನ ತುಂಬ 'ಜಿ' ಎಂಬ ಒಂದೇ ಕಾರ್ಡನ್ನು ಬೇಕಾದಷ್ಟು ತುಂಬಿದ.

"ಇಲ್ಲಿ ದುಃಖ ಅದರಿ, ಏ ಮೈನರ್ ಕಾರ್ಡ್ ಬೇಕು" ಎಂದಳು ಉಜ್ವಲಾ.

"ಮೈನರ್ ಆದ್ರ ಪಾಲಕರ ಸಹಿ ಬೇಕ್ರಿ ಮೇಡಂ."

ಉಜ್ವಲಾ ಒಂದು ಕ್ಷಣ ಅವನ ಮುಖ ನೋಡಿದಳು. ಆತ ನಗಲಿಲ್ಲ. ಸಹಿಯ ಜಾಗದಲ್ಲಿ ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಹಾಡು ಹೀಗಾಯಿತು:

[ಜಿ]ತೊಗರಿ ಹೊಲದಾಗ [ಜಿ]ಹೊತ್ತು ಮೂಡ್ಯಾದ
[ಏ ಮೈನರ್]ಏಳ ನನ್ನ ಕೂಸ [ಜಿ]ಸಾಲಿಗಿ ನಡಿ

ಕಂಸಗಳನ್ನು ಓದಿ ಕಾರ್ಡನ್ನು ಪದದ ನೆತ್ತಿಯ ಮೇಲೆ ಕೂರಿಸಿ ಮುದ್ರಿಸುವ ತಂತ್ರಾಂಶವೊಂದು ಬರಬೇಕಿತ್ತು. ಅದು ಟೆಂಡರ್ ಹಂತದಲ್ಲಿದ್ದುದರಿಂದ ಕಡತವನ್ನು ಇದ್ದಂತೆಯೇ ಶಾಲೆಗಳಿಗೆ ಕಳುಹಿಸಲಾಯಿತು. ಜೊತೆಗೊಂದು ಸುತ್ತೋಲೆ: 'ಅನುಮೋದಿತ ಪಠ್ಯದ ಯಾವ ಚಿಹ್ನೆಯನ್ನೂ ಬಿಟ್ಟು ಹಾಡತಕ್ಕದ್ದಲ್ಲ.'

ಬೀದರದಲ್ಲಿ ನಡೆದ ಯೋಜನೆಯ ಉದ್ಘಾಟನಾ ಸಮಾರಂಭದಲ್ಲಿ ಭಾಗೀರಥಿಬಾಯಿಗೆ ಮುಂದಿನ ಸಾಲಿನ ಕುರ್ಚಿ ಸಿಕ್ಕಿತು. ಇನ್ನೂರು ಮಕ್ಕಳು ಎದ್ದು ನಿಂತು ಒಕ್ಕೊರಲಿನಿಂದ ಹಾಡಿದರು: "ಚೌಕ ಕಂಸ ಜಿ ಕಂಸ ಮುಕ್ತಾಯ ತೊಗರಿ ಹೊಲದಾಗ..."

ಅಜ್ಜಿ ಮೊಮ್ಮಗಳ ಕೈ ಹಿಡಿದಳು. "ಇದು ಯಾರ ಹಾಡವ್ವಾ?"

"ನಿಂದೇ, ಆಯಿ" ಎಂದಳು ಉಜ್ವಲಾ.

ಅಜ್ಜಿ ಎದ್ದಳು. ವೇದಿಕೆ ಹತ್ತಿ, ಮೈಕಿನ ಹಂಗಿಲ್ಲದೆ, ಹಾಡನ್ನು ಮೊದಲಿನಂತೆ ಹಾಡತೊಡಗಿದಳು. ಹಾಡಿನ ಎರಡನೇ ಸಾಲು ಮುಗಿಯುತ್ತಲೇ ನರಸಿಂಗ ಬಂದು ವಿನಯದಿಂದ ಅವಳ ತೋಳು ಹಿಡಿದರು. "ಆಯಿ, ನಾಲ್ಕು ಕಂಸ ಬಿಟ್ರಿ. ಇದು ಉಲ್ಲಂಘನ ಆಗ್ತದ್ರಿ."

ವಾರದೊಳಗೆ ನೋಟಿಸು ಬಂತು. ಸದರಿ ಹಾಡಿನ ಕರ್ತೃವು ಸದರಿ ಹಾಡನ್ನು ತಪ್ಪಾಗಿ ಹಾಡಿರುವುದು ಕಂಡುಬಂದಿದ್ದು, ಹತ್ತು ದಿನಗಳ ತರಬೇತಿಗೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಹಾಡನ್ನು ಶಾಲೆಗಳಿಂದ ಹಿಂಪಡೆಯಲಾಗುವುದು. ತರಬೇತಿದಾರರು: ಉಜ್ವಲಾ, ಸಂಗೀತ ಶಿಕ್ಷಕಿ, ಔರಾದ.

"ಬ್ಯಾಡ ಆಯಿ, ನಾ ಬರೆದು ಕೊಡ್ತೇನಿ, ಆಗಲ್ಲಂತ" ಎಂದಳು ಉಜ್ವಲಾ.

"ಹುಡುಗ್ರು ಹಾಡೋದು ನಿಂದರ್ತದಲ್ಲವ್ವಾ" ಎಂದಳು ಅಜ್ಜಿ. "ಕಲಿಸು."

ಹತ್ತನೇ ದಿನ ಆಕೆ ಪಾಸಾದಳು. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿದರು.

ಈಗ ಚಿಂತಾಕಿಯ ಮದುವೆಗಳಲ್ಲಿ ಹೆಂಗಸರು ಎಲ್ಲ ಹಾಡುಗಳನ್ನೂ ಕಂಸ ಸಮೇತ ಹಾಡುತ್ತಾರೆ. ಮೊನ್ನೆ ಅರಿಶಿಣ ಹಚ್ಚುವಾಗ ಮದುಮಗಳ ಅತ್ತೆ ಸುಭದ್ರಾಬಾಯಿ 'ಕಂಸ ಮುಕ್ತಾಯ' ಎನ್ನುವುದನ್ನು ಮರೆತಳು. ಹಾಡು ನಿಂತಿತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತೆರೆದದ್ದು ಹಂಗೇ ಬಿಡಬಾರದ್ರಿ, ಮದಿವಿ ಮನಿ" ಎಂದಳು ಉಜ್ವಲಾ, ತಾನೇ ಕಂಸ ಮುಚ್ಚಿ ಮುಂದಿನ ಸಾಲು ಎತ್ತಿಕೊಂಡಳು.