ಮುಂದಿನ ಸಾಲು

"ಈ ವರ್ಷನಾದ್ರೂ ಮುಂದಿನ ಸಾಲು ಸಿಗತ್ತಾ?"

ಬೈಲಪ್ಪನವರು ಟವೆಲು ಕೊಡವುತ್ತ ಕೇಳಿದ್ದು ಗೋಡೆಗೂ ಅಲ್ಲ, ಒಳಗೆ ಮಜ್ಜಿಗೆ ಕಡೆಯುತ್ತಿದ್ದ ಹೆಂಡತಿ ರಾಮಲಕ್ಷ್ಮಮ್ಮನಿಗೂ ಅಲ್ಲ. ಲಿಂಗರಾಜಪುರದ ಆ ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪ್ರಶ್ನೆ ಕಿಟಕಿಯಿಂದಾಚೆ ಚೈತ್ರದ ಬಿಸಿಲಿಗೆ ಹೋಗಿ ಒಣಗಿಕೊಂಡಿತು.

ಹಲಸೂರಿನಲ್ಲಿ ದೇವಸ್ಥಾನದ ಹಿಂದಿನ ಮೈದಾನದಲ್ಲಿ ರಾಮನವಮಿಗೆ ಶಾಮಿಯಾನ ಹಾಕಿ ಒಂಬತ್ತು ಸಂಜೆ ಸಂಗೀತ ನಡೆಸುತ್ತಿದ್ದರು. ಕೊನೆಯ ದಿನ ವಿದುಷಿ ಸುಕನ್ಯ ಅವರದು. ಹಳೆಯ ಕಾವ್ಯದ ಪದ್ಯಗಳನ್ನು ರಾಗ ಕಟ್ಟಿ ಹಾಡುವುದರಲ್ಲಿ ಆಕೆಯದು ಎತ್ತಿದ ಕೈ. ಕೊನೆಯ ಅರ್ಧ ಗಂಟೆ ಕೇಳುಗರು ಚೀಟಿ ಬರೆದು ಕಳಿಸಿದ್ದನ್ನು ಹಾಡುತ್ತಿದ್ದರು. ಆದರೆ ಚೀಟಿ ತಲುಪುತ್ತಿದ್ದದ್ದು ಮುಂದಿನ ಸಾಲಿನವರದು ಮಾತ್ರ. ಹೋದ ವರ್ಷ ಬೈಲಪ್ಪನವರು ಹದಿನೇಳನೇ ಸಾಲಿನಿಂದ ಕಳಿಸಿದ ಚೀಟಿ ಕೈಯಿಂದ ಕೈಗೆ ದಾಟುತ್ತ ಹನ್ನೊಂದನೇ ಸಾಲು ಮುಟ್ಟಿತು. ಅಲ್ಲಿ ಯಾರೋ ಪುಣ್ಯಾತ್ಮರು ಅದರಲ್ಲಿ ಕೋಸಂಬರಿ ಪೊಟ್ಟಣ ಕಟ್ಟಿಕೊಂಡರು.

ಚೀಟಿಯಲ್ಲಿ ಇದ್ದದ್ದು ಒಂದೇ ಪದ್ಯದ ಮೊದಲ ಸಾಲು. ಶಬರಿ ಹಣ್ಣು ಮುಂದಿಟ್ಟುಕೊಂಡು ದಾರಿ ನೋಡುವ ಷಟ್ಪದಿ. ಶ್ರಾವಣದ ಸಂಜೆಗಳಲ್ಲಿ ಅಪ್ಪ ಜಗಲಿಯ ಮೇಲೆ ಕೂತು ಅದನ್ನು ಓದುವಾಗ, ಹೊಲದಿಂದ ಬಂದವರು ಕಾಲು ತೊಳೆಯುವುದನ್ನೂ ಮರೆತು ನಿಲ್ಲುತ್ತಿದ್ದರು. ಆ ಹೊಲ ಈಗ ಸೈಟುಗಳಾಗಿತ್ತು, ಅಪ್ಪ ಹೋಗಿ ಹನ್ನೆರಡು ವರ್ಷವಾಗಿತ್ತು. ಇಪ್ಪತ್ತೆಂಟು ವರ್ಷ ಕಾರ್ಖಾನೆಯ ಲೇತ್ ಯಂತ್ರದ ಮುಂದೆ ನಿಂತು ಬೈಲಪ್ಪನವರ ಎಡಗಿವಿ ರಾಜೀನಾಮೆ ಕೊಟ್ಟಿತ್ತು, ಬಲಗಿವಿ ನೋಟಿಸು ಕೊಟ್ಟಿತ್ತು. ಅದೂ ಹೋಗುವ ಮುಂಚೆ ಆ ಪದ್ಯವನ್ನು ಒಮ್ಮೆ ಕೇಳಿಬಿಡಬೇಕು ಎನ್ನುವುದೊಂದೇ ಆಸೆ.

ಶಾಮಿಯಾನ, ಕುರ್ಚಿ, ಮೈಕು, ಜನರೇಟರು ಎಲ್ಲ ಶಿವಾಜಿನಗರದ ವಾಜಿದ್‌ನದು. ಬೈಲಪ್ಪನವರ ಮನೆಯ ಮೂರು ಮದುವೆಗೂ ಅವನೇ ಚಪ್ಪರ ಹಾಕಿದವನು. "ಫಿಕರ್ ಮಾಡ್ಬೇಡಿ ಅಣ್ಣಾ, ಒಂದು ಗಂಟೆಗೆ ಬನ್ನಿ, ನಿಮ್ಮ ಕೈಯಲ್ಲೇ ಕುರ್ಚಿ ಹಾಕ್ಸ್ತೀನಿ" ಎಂದಿದ್ದ. ಅದರಂತೆ ಬೈಲಪ್ಪನವರು ಉರಿಬಿಸಿಲಲ್ಲಿ ಹೋಗಿ ವೇದಿಕೆಯ ಎದುರಿಗೇ ಮೂರು ತಗಡಿನ ಕುರ್ಚಿ ಹಿಡಿದರು. ಒಂದರ ಮೇಲೆ ತಾವು ಕೂತರು. ಇನ್ನೊಂದರ ಮೇಲೆ ಟವೆಲು ಹಾಸಿದ್ದು ಬಾಡಿಗೆದಾರ ಭಗವಂತರಾಯನಿಗೆ. ಮೂರನೆಯದರ ಮೇಲೆ ಛತ್ರಿ ಇಟ್ಟಿದ್ದು ಕಾರ್ಖಾನೆಯ ಗೆಳೆಯ ಆನಂದನಿಗೆ.

ಟವೆಲಿನ ಶಾಸ್ತ್ರ ಬೆಂಗಳೂರಿಗೆಲ್ಲ ಗೊತ್ತು. ಬಸ್ಸಿನ ಕಿಟಕಿಯಿಂದ ಎಸೆದರೂ ಸೀಟು ನಮ್ಮದೇ. ಆದರೂ ಪರೀಕ್ಷೆ ಮಾಡುವವರಿಗೆ ಬರವಿಲ್ಲ. ಮೂರು ಗಂಟೆಯಿಂದ ಬಂದವರೆಲ್ಲ ಟವೆಲನ್ನು ಸತ್ತ ಹಾವು ಮುಟ್ಟುವಂತೆ ಎರಡು ಬೆರಳಲ್ಲಿ ಎತ್ತಿ ನೋಡುವವರೇ. ಒಬ್ಬರಿಗೆ ಬೈಲಪ್ಪನವರು ತಹಸೀಲ್ದಾರರು ಬರುತ್ತಾರೆ ಎಂದರು. ಇನ್ನೊಬ್ಬರಿಗೆ, ಆಪರೇಷನ್ ಆದವರು ಬರುತ್ತಾರೆ ಎಂದರು. ರಾಮನ ಎದುರಿಗೆ ಸುಳ್ಳು ಹೇಳಿದ ಪ್ರತಿ ಸಲವೂ ಒಳಗೊಳಗೇ ಕೆನ್ನೆ ಬಡಿದುಕೊಂಡರು.

ನಾಲ್ಕು ಗಂಟೆಗೆ ಹೂವಿನ ಬುಟ್ಟಿ ಹಿಡಿದು ಒಬ್ಬ ಮುದುಕಿ ಬಂದಳು. ದೇವಸ್ಥಾನದ ಬಾಗಿಲಲ್ಲಿ ಹೂವು ಮಾರುವ ಮುನಿವೆಂಕಟಮ್ಮ. ಟವೆಲನ್ನು ಮುಟ್ಟಲಿಲ್ಲ, ಕುರ್ಚಿಯನ್ನು ಮಾತ್ರ ನೋಡಿದಳು. ಆ ನೋಟಕ್ಕೆ ತಹಸೀಲ್ದಾರರನ್ನು ಕರೆತರಲು ಬೈಲಪ್ಪನವರಿಗೆ ಬಾಯಿ ಬರಲಿಲ್ಲ.

"ಕೊನೇ ಸಾಲಿಗೆ ಹೋಗಮ್ಮ. ಸಂಗೀತ ದೂರದಿಂದ್ಲೇ ಇಂಪು."

"ಹೌದಾ ಸಾಮಿ? ನಂಗೊತ್ತೇ ಇರ್ಲಿಲ್ಲ" ಎಂದು ಆಕೆ ನಂಬಿಬಿಟ್ಟಳು.

ನಂಬಿದ್ದೇ ಕಷ್ಟವಾಯಿತು. ಮನಸ್ಸು ತಡೆಯದೆ ಬೈಲಪ್ಪನವರು ಅಪ್ಪನ ಜಗಲಿ, ಶಬರಿ, ಹಣ್ಣು, ಕೋಸಂಬರಿಯಾದ ಚೀಟಿ ಎಲ್ಲವನ್ನೂ ಹೇಳಿದರು. ಪದ್ಯದ ಮೊದಲ ಸಾಲನ್ನೂ ಮೆಲ್ಲಗೆ ಒಪ್ಪಿಸಿದರು. ಮುನಿವೆಂಕಟಮ್ಮ ಕೆನ್ನೆಗೆ ಕೈಕೊಟ್ಟು ಪೂರ್ತಿ ಕೇಳಿ, ಅವರಿಗೊಂದು ಮಲ್ಲಿಗೆ ಹೂವು ಕೊಟ್ಟು, ಕೊನೆಯ ಸಾಲಿಗೆ ನಡೆದುಹೋದಳು.

ಐದಕ್ಕೆ ವಾದ್ಯದವರು ಬಂದು ಶ್ರುತಿ ಮಾಡಲು ಕೂತರು. ಇಳಿಬಿಸಿಲು ಶಾಮಿಯಾನದ ತೆರೆದ ತುದಿಯಿಂದ ನುಗ್ಗಿ ನೇರ ವೇದಿಕೆಗೇ ಬಡಿಯುತ್ತಿತ್ತು. ಮೃದಂಗದ ಚರ್ಮ ಬಿಸಿಲಿಗೆ ಬಿಗಿದು ಶ್ರುತಿ ಏರುತ್ತಿತ್ತು. ಮೃದಂಗದವನು ತಗ್ಗಿಸುವನು, ಅದು ಮತ್ತೆ ಏರುವುದು. ಬೈಲಪ್ಪನವರು ಎದ್ದರು. ಆನಂದನ ಕುರ್ಚಿಯ ಛತ್ರಿ ಬಿಚ್ಚಿಕೊಂಡು ಹೋಗಿ ಮೃದಂಗಕ್ಕೆ ಹಿಡಿದು ನಿಂತರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಅಲ್ಲೇ ಇದ್ದ ಸಮಿತಿಯ ಕಾರ್ಯದರ್ಶಿಗೆ, "ಪಾಪ, ಅಮ್ಮಾವ್ರ ಕಣ್ಣಿಗೂ ಬಿಸಿಲು ಹೊಡೆಯತ್ತೆ. ಏನಾದ್ರೂ ಮಾಡಿ ಸ್ವಾಮಿ" ಎಂದೂ ಹೇಳಿದರು.

ಕಾರ್ಯದರ್ಶಿ ಮಾಡಿದರು. ವಾಜಿದ್‌ನನ್ನು ಕರೆದು ವೇದಿಕೆಯನ್ನೇ ಕೊನೆಯ ಸಾಲಿನಾಚೆಯ ಆ ತುದಿಗೆ, ಬಿಸಿಲು ಬೆನ್ನಿಗೆ ಬೀಳುವಂತೆ, ಸಾಗಿಸಲು ಹೇಳಿದರು. ಆರು ಮಂಚ, ಒಂದು ಜಮಖಾನ. ವಾಜಿದ್‌ನ ಹುಡುಗರು ಹತ್ತು ನಿಮಿಷದಲ್ಲಿ ಹೊತ್ತುಕೊಂಡು ಹೋದರು. ಎಲ್ಲರೂ ಎದ್ದು ಅವರವರ ಕುರ್ಚಿ ತಿರುಗಿಸಿಕೊಳ್ಳಬೇಕೆಂದು ಮೈಕಿನಲ್ಲಿ ಕೂಗಿದ್ದಾಯಿತು. ಇನ್ನೂರೈವತ್ತು ತಗಡಿನ ಕುರ್ಚಿ ಒಟ್ಟಿಗೆ ಕಿರುಗುಟ್ಟಿದವು. ಛತ್ರಿ ಹಿಡಿದು ನಿಂತಲ್ಲೇ ನಿಂತಿದ್ದ ಬೈಲಪ್ಪನವರಿಗೆ ಕಂಡದ್ದು ಇನ್ನೂರೈವತ್ತು ಬೆನ್ನು.

ಜನರೇಟರು ಯಾವಾಗಲೂ ವೇದಿಕೆಯಿಂದ ದೂರ ಇರಬೇಕು. ಆದ್ದರಿಂದ ಅದೂ ನಾಲ್ಕು ಜನರ ಹೆಗಲೇರಿ, ಋಣಾನುಬಂಧವಿದ್ದಂತೆ, ಬೈಲಪ್ಪನವರ ಕುರ್ಚಿಯ ಹಿಂದೆಯೇ ಬಂದು ಇಳಿಯಿತು.

ಅಷ್ಟರಲ್ಲಿ ಗೆಳೆಯರು ಬಂದರು. ಭಗವಂತರಾಯ ಕಲಬುರಗಿಯ ಕಡೆಯವನು, ಮಾತು ನುಂಗುವ ಅಭ್ಯಾಸವಿಲ್ಲ. "ಮುಂದಿನ ಸಾಲು ಹಿಡೀತೀನಿ ಅಂದ್ರಿ. ಭಾಳ ಮುಂದ ಹಿಡಿದೀರಿ ನೋಡ್ರಿ, ಊರ ದಾಟಿ" ಎಂದು ಟವೆಲಿನ ಮೇಲೆ ಕೂತ. ಆನಂದ ಛತ್ರಿ ಮಡಿಸಿ ಕಾಲ ಕೆಳಗಿಟ್ಟುಕೊಂಡ.

ಕಚೇರಿ ಶುರುವಾಯಿತು. ಮೊದಲ ವರ್ಣ ಮುಗಿಯುವ ಮುಂಚೆ ಕರೆಂಟು ಹೋಯಿತು. ಜನರೇಟರು ಕೆಮ್ಮಿ, ಉಗುಳಿ, ಗುಡುಗಲು ಹತ್ತಿತು. ಅಲ್ಲಿಂದಾಚೆಗೆ ಬೈಲಪ್ಪನವರಿಗೆ ಸಂಗೀತ ಎಂದರೆ ವಿದುಷಿಯ ಕೈ ಮೇಲೇಳುವುದು, ಕೆಳಗಿಳಿಯುವುದು, ಅಷ್ಟೇ. ಎರಡು ನಿಮಿಷ ನಿಲ್ಲಿಸು ಎಂದು ವಾಜಿದ್‌ಗೆ ಸನ್ನೆ ಮಾಡಿದರು. ನಿಲ್ಲಿಸಿದರೆ ಮೈಕೂ ನಿಲ್ಲುತ್ತದೆ ಎಂದು ಅವನೂ ಸನ್ನೆಯಲ್ಲೇ ತಿಳಿಸಿದ.

ಚೀಟಿಯ ಹೊತ್ತು ಬಂತು. ಆಮಂತ್ರಣ ಪತ್ರಿಕೆಯ ಬೆನ್ನಿಗೆ ಭಗವಂತರಾಯನ ಕೈಯಲ್ಲಿ ದಪ್ಪಕ್ಷರದಲ್ಲಿ ಬರೆಸಿದರು. ಕೋಸಂಬರಿಯ ಪಾಠ ಮರೆತಿರಲಿಲ್ಲ, ತಾವೇ ಒಯ್ಯಲು ಎದ್ದರು. ನಾಲ್ಕು ಹೆಜ್ಜೆಯೂ ಇಟ್ಟಿರಲಿಲ್ಲ, ಸ್ವಯಂಸೇವಕನೊಬ್ಬ ಎದೆಗೆ ಕೈ ಅಡ್ಡ ಹಿಡಿದ. ಹಾಡಿನ ನಡುವೆ ಓಡಾಡಬಾರದು, ಮುಗಿಯಲಿ ಎಂದ.

ಅದು ಮುಗಿಯುವ ಹಾಡೇ ಆಗಿರಲಿಲ್ಲ. ಬೈಲಪ್ಪನವರು ಜನರೇಟರಿನ ಪಕ್ಕ ಬೆವರುತ್ತ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ವಿದುಷಿಯ ಕೈ ಏಳುವುದು, ತಿರುಗುವುದು, ಮತ್ತೆ ಏಳುವುದು. ಮುಂದಿನವರು ಕಣ್ಣೊರೆಸಿಕೊಳ್ಳುತ್ತಿದ್ದರು. "ಎಷ್ಟು ಎಳೀತಾರಪ್ಪ ಇದನ್ನ" ಎಂದು ಬೈಲಪ್ಪನವರು ಗೊಣಗಿದರು. ಜನ್ಮದಲ್ಲಿ ಮೊದಲ ಸಲ ಒಂದು ಹಾಡು ಬೇಗ ಮುಗಿಯಲಿ ಎಂದು ರಾಮನನ್ನು ಬೇಡಿದರು.

ರಾಮ ನಡೆಸಿಕೊಟ್ಟ. ಹಾಡು ಮುಗಿಯಿತು, ಕರೆಂಟೂ ಬಂತು, ಜನರೇಟರು ಸುಮ್ಮನಾಯಿತು. ಬೈಲಪ್ಪನವರು ಸರಸರನೆ ನಡೆದು ಚೀಟಿಯನ್ನು ವೇದಿಕೆಯ ಅಂಚಿಗಿಟ್ಟು ಕೈಮುಗಿದರು. ಸುಕನ್ಯ ಓದಿದರು, ಹುಬ್ಬೇರಿಸಿದರು, ನಕ್ಕರು.

"ಈಗ ಹಾಡಿದ್ದು ಇದನ್ನೇ ಅಲ್ವಾ?"

ಮುಂದಿನ ಸಾಲಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಮುನಿವೆಂಕಟಮ್ಮ ಅವರ ಪಂಚೆ ಜಗ್ಗಿದಳು. "ನಾನೇ ಕೇಳ್ದೆ ಸಾಮಿ. ನೀವು ಹಿಂದುಕ್ ಹೋಗ್ಬಿಟ್ರಲ್ಲ, ಚೀಟಿ ಬರಲ್ಲ ಅಂತ ಬಾಯಲ್ಲೇ ಒಪ್ಪಿಸ್ದೆ. ನೀವೇಳಿದ್ ದಿಟ, ಹತ್ರದಿಂದಾನೇ ಇಷ್ಟು ಚೆಂದ. ದೂರದಿಂದ ಇನ್ನೂ ಇಂಪಾಗಿತ್ತಾ?"

ಬೈಲಪ್ಪನವರು ಆಕೆಯನ್ನು ನೋಡಿದರು. ಹೂವಿನಂಥ ಮುಖದಲ್ಲಿ ಕುಹಕ ಹುಡುಕಿದರು, ಸಿಗಲಿಲ್ಲ. ಮತ್ತೆ ವೇದಿಕೆಯ ಕಡೆ ತಿರುಗಿದರು.

"ಅಮ್ಮಾ, ಇನ್ನೊಂದೇ ಸಲ. ಪೂರ್ತಿ ಬೇಡ, ಮೊದಲನೇ ಸಾಲು ಸಾಕು."

ಸುಕನ್ಯ ತಂಬೂರಿಯವಳಿಗೆ ಮುಕ್ತಾಯದ ಮಂಗಳಕ್ಕೆ ಸನ್ನೆ ಮಾಡಿ, ಚೀಟಿಯನ್ನು ಮಡಿಸಿ ಮೆಲ್ಲಗೆ ಅವರ ಕೈಗೇ ಹಿಂತಿರುಗಿಸಿದರು.

"ಇಲ್ಲ. ಒಂದು ಸಲ ಹಾಡಿದ್ದನ್ನ ನಾನು ಅದೇ ದಿನ ಮತ್ತೆ ಹಾಡಲ್ಲ."