ಸಾಲ ತೀರಿಸಲೊಂದು ಒಳ್ಳೆಯ ದಿನ

ಸಾಲ ತೀರಿಸಲು ಬೇಕಾಗುವುದು ದುಡ್ಡು ಎಂದು ಲೋಕವೆಲ್ಲ ನಂಬಿದೆ. ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನಾನು ಲೋಕಕ್ಕೆ ಬುದ್ಧಿ ಹೇಳುವವಳಲ್ಲ. ಆದರೆ ಇದೊಂದು ವಿಷಯದಲ್ಲಿ ಅನುಭವಸ್ಥೆ. ದುಡ್ಡು ಹೇಗೋ ಹೊಂದುತ್ತದೆ, ಹೊಂದದೆ ಇರುವುದು ದಿನ. ಈಗ ನನ್ನ ಮೊಮ್ಮಗಳು ಅಮಾವಾಸ್ಯೆ, ಶುಕ್ರವಾರ ಒಂದನ್ನೂ ನೋಡದೆ ಫೋನಿನ ಮೇಲೆ ಬೆರಳೊತ್ತಿ ಯಾರ್ಯಾರಿಗೋ ದುಡ್ಡು ಕಳಿಸುತ್ತಾಳೆ. ಇವಳ ನಾಮಕರಣಕ್ಕೆ ಮುಂಚೆ ಒಂದು ಸಾಲ ತೀರಿಸಲು ನಾನು ಪಟ್ಟ ಪಾಡು ಹೇಳಿದರೆ ನಗುತ್ತಾಳೆ. ನಗಲಿ. ನಗುವಾಗ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಆ ಗುಳಿ ನಮ್ಮ ಕಡೆಯದು, ಬೀಗರ ಮನೆಯಲ್ಲಿ ಯಾರಿಗೂ ಇಲ್ಲ, ನಾನು ಎಲ್ಲರ ಕೆನ್ನೆಯನ್ನೂ ನೋಡಿದ್ದೇನೆ.

ನಾವು ಚಿತ್ರದುರ್ಗದ ಕಡೆಯವರು. ನಮ್ಮನೆಯವರಿಗೆ ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಒಂದು ಸ್ಟೀಲ್ ಪಾತ್ರೆ ಅಂಗಡಿಯಲ್ಲಿ ಕೆಲಸ. ಬೆಂಜ್ ಸರ್ಕಲ್ ಆಚೆಯ ಸಂದಿಯಲ್ಲಿ ಬಾಡಿಗೆ ಮನೆ. ಮೇಲಿನ ಮಹಡಿಯಲ್ಲಿ ಮನೆಯ ಒಡತಿ ವೆಂಕಟರತ್ನಮ್ಮಗಾರು. ನಾನು ಅವರನ್ನು ಅಕ್ಕಯ್ಯ ಎನ್ನುತ್ತಿದ್ದೆ, ಅವರು ನನ್ನನ್ನು ವದಿನ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ಲೆಕ್ಕಕ್ಕೆ ಈ ನೆಂಟಸ್ತಿಕೆ ಕೂಡುವುದಿಲ್ಲ. ಆದರೆ ಉಪ್ಪಿನಕಾಯಿ ಬಟ್ಟಲು ಮೇಲೂ ಕೆಳಗೂ ಓಡಾಡುವುದಕ್ಕೆ ಅಷ್ಟು ಸಾಕಾಗಿತ್ತು. ವಿಶಾಖಪಟ್ಟಣದಲ್ಲಿ ಔಷಧಿ ಕಂಪನಿಯಲ್ಲಿದ್ದ ನಮ್ಮ ಮಗಳು ಸುಧಾ ಅಲ್ಲಿಯ ತೆಲುಗು ಹುಡುಗನನ್ನು ಮೆಚ್ಚಿದಾಗ ಮದುವೆಗೆ ಸಾಲ ಕೊಟ್ಟವರೂ ಇದೇ ಅಕ್ಕಯ್ಯ. ಅಡವು ಏನೂ ಬೇಡ ಎಂದರು. ನಾನೇ ಹಟ ಮಾಡಿ ನಮ್ಮತ್ತೆಯ ಕಾಲದ ಬೆಳ್ಳಿ ಉಡಿದಾರ ಇಟ್ಟೆ. ನಮ್ಮ ಮನೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ನಾಮಕರಣದ ದಿನ ಸೊಂಟಕ್ಕೆ ಕಟ್ಟಿಸಿಕೊಂಡದ್ದು ಅದನ್ನೇ. ಸಾಲಕ್ಕೆ ಹೋಲಿಸಿದರೆ ಅದರ ಬೆಲೆ ಏನೂ ಅಲ್ಲ. ಆದರೆ ಅದು ಪರರ ಬೀರುವಿನಲ್ಲಿದ್ದರೆ ನನಗೆ ನಿದ್ದೆ ಬರುವುದಿಲ್ಲ, ನಿದ್ದೆ ಬರದಿದ್ದರೆ ಬೇಗ ತೀರಿಸುತ್ತೇನೆ ಎಂಬುದು ನನ್ನ ಉಪಾಯ.

ನಿದ್ದೆಯೇನೋ ಬರಲಿಲ್ಲ, ಸಾಲವೂ ಬೇಗ ತೀರಲಿಲ್ಲ. ಸಂಬಳದ ದಿನ ಅಕ್ಕಿ, ಬಾಡಿಗೆ, ಕರೆಂಟು, ಅಕ್ಕಯ್ಯನ ಕಂತು ಎಂದು ನಾಲ್ಕು ಭಾಗ ಮಾಡುತ್ತಿದ್ದೆ. ಐದನೆಯ ಭಾಗ ಒಂದಿದ್ದರೆ ಅದರಲ್ಲಿ ತರಕಾರಿ ತರಬೇಕು. ಆ ಊರಿನಲ್ಲಿ ಅಗ್ಗಕ್ಕೆ ಸಿಗುತ್ತಿದ್ದದ್ದು ಗೋಂಗೂರ, ನಮ್ಮ ಕಡೆಯ ಪುಂಡಿಸೊಪ್ಪು. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಬೇಳೆ ಹಾಕಿದ ಪಪ್ಪು, ಸಂಜೆಗೆ ಅದರದೇ ಗೊಜ್ಜು. ನಮ್ಮನೆಯವರು ತಟ್ಟೆ ನೋಡಿ, "ಈ ಸಾಲ ತೀರೋ ಹೊತ್ತಿಗೆ ನನ್ನ ರಕ್ತಾನೂ ಹುಳಿಯಾಗಿರುತ್ತೆ ಕಣೇ" ಎಂದರು. "ಹುಳಿಯಾದ್ರೆ ಒಳ್ಳೇದು, ಕೆಡಲ್ಲ" ಎಂದೆ. ಪಾಪ, ಅವರು ಷೇರ್ ಆಟೋ ಬಿಟ್ಟು ಗವರ್ನರ್‌ಪೇಟೆಯಿಂದ ನಡೆದೇ ಬರುತ್ತಿದ್ದರು. ಆಟೋ ದುಡ್ಡು ಉಳಿಯಿತು, ಚಪ್ಪಲಿ ಸವೆಯಿತು. ಲಾಭ ಯಾರಿಗಾಯಿತು ಎಂದು ನಾನು ಕೂಡಿಸಿ ನೋಡಲಿಲ್ಲ, ನೋಡಿದರೆ ಸಂಕಟವಾಗುತ್ತಿತ್ತು. ಆದರೂ ಆ ದಿನಗಳನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ. ಹಸಿವಿದ್ದಾಗ ತಿಂದ ಗೋಂಗೂರದ ರುಚಿ ಈಗ ಮೂರು ಪಲ್ಯ ಬಡಿಸಿದರೂ ಬರುವುದಿಲ್ಲ.

ಕೊನೆಯ ಕಂತು ಕೈಗೆ ಬಂದದ್ದೂ ಸುಧಾ ಹೆತ್ತದ್ದೂ ಒಂದೇ ತಿಂಗಳು. ಬಾಣಂತನಕ್ಕೆಂದು ವಿಶಾಖಪಟ್ಟಣದ ಪಕ್ಕದ ಪೆಂದುರ್ತಿಯ ಬೀಗರ ಮನೆಗೆ ಓಡಿದೆ. ಮಗುವನ್ನು ಮೊದಲ ಸಲ ತೊಡೆಯ ಮೇಲೆ ಹಾಕಿಕೊಂಡಾಗ ಅದರ ಮುಖವನ್ನೇ ನೋಡುತ್ತ ಕೂತೆ. ಬೀಗಿತ್ತಿ, "ಏಮ್ಮಾ, ಹೆಣ್ಣಾಯ್ತಂತ ಬೇಜಾರಾ?" ಎಂದು ಕೇಳಿದರು. ಬೇಜಾರೆ? ನಾನು ಕೆನ್ನೆಯಲ್ಲಿ ಗುಳಿ ಹುಡುಕುತ್ತಿದ್ದೆ, ಅಷ್ಟೆ. ನಾಮಕರಣ ಭಾನುವಾರ ಎಂದು ಗೊತ್ತಾಯಿತು. ಒಂದು ವಾರದ ಮಟ್ಟಿಗೆ ಬಾಣಂತಿಯನ್ನು ಬೀಗಿತ್ತಿಗೆ ಒಪ್ಪಿಸಿ, ಉಡಿದಾರ ಬಿಡಿಸಿ ತರಲು ವಿಜಯವಾಡಕ್ಕೆ ಬಂದೆ. ಇಟ್ಟ ಕೈಗೇ ಕೊಡುವುದು ಅಕ್ಕಯ್ಯನ ಪದ್ಧತಿ, ಗಂಡಸರ ಕೈಗೆ ಕೊಡುವವರಲ್ಲ.

ಕಷ್ಟ ಶುರುವಾದದ್ದು ಇಲ್ಲಿಂದ. ಮಂಗಳವಾರ, ಶುಕ್ರವಾರ ನಮ್ಮ ಮನೆಯಿಂದ ದುಡ್ಡು ಆಚೆ ಹೋಗಬಾರದು, ಲಕ್ಷ್ಮಿ ಹಿಂದೆಯೇ ಹೊರಟುಬಿಡುತ್ತಾಳೆ. ಅಕ್ಕಯ್ಯನಿಗೆ ಅಮಾವಾಸ್ಯೆ ಆಗದು, ದೀಪ ಹಚ್ಚಿದ ಮೇಲೆ ಬೀರು ತೆರೆಯುವಂತಿಲ್ಲ, ವರ್ಜ್ಯವಂತೂ ಕೂಡದೇ ಕೂಡದು. ವರ್ಜ್ಯವೆಂದರೆ ಕೆಟ್ಟ ಗಳಿಗೆ. ಅವರ ತೆಲುಗು ಕ್ಯಾಲೆಂಡರಿನಲ್ಲಿ ದಿನಾ ಅದಕ್ಕೊಂದು ಹೊತ್ತು ಅಚ್ಚಾಗಿರುತ್ತದೆ.

ಸೋಮವಾರ ಅಮಾವಾಸ್ಯೆ ಬಂತು, ಮಂಗಳವಾರ ನಮ್ಮದು. ಬುಧವಾರ ಬೆಳಿಗ್ಗೆ ದುಡ್ಡನ್ನು ಕರ್ಚೀಫಿನಲ್ಲಿ ಕಟ್ಟಿ ಮೆಟ್ಟಿಲ ಮೇಲೆ ಕಾಲಿಟ್ಟೆ. ಹಿಂದಿನಿಂದ ನಮ್ಮನೆಯವರು, "ಎಲ್ಲಿಗೆ ಹೊಂಟೆ?" ಎಂದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬುದು ಇಷ್ಟು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಗೊತ್ತಿಲ್ಲವೆ? ವಾಪಸು ಬಂದು, ಕೂತು, ನೀರು ಕುಡಿದು, ಅವರಿಗೆ ಬೈದು, ಮತ್ತೆ ಹತ್ತುವ ಹೊತ್ತಿಗೆ ಅಕ್ಕಯ್ಯ ಬಾಗಿಲಲ್ಲೇ ಕೈ ಅಡ್ಡ ಹಿಡಿದರು.

"ಇಪ್ಪುಡು ವದ್ದು ವದಿನಾ. ವರ್ಜ್ಯಂ ಬಂದಾಯ್ತು, ಅದರ ಹಿಂದೆಯೇ ರಾಹುಕಾಲ. ಸಂಜೆವರೆಗೂ ಬೇಡ."

"ಸಂಜೆಗೆ ದೀಪ ಹಚ್ಚಿಬಿಡ್ತೀರಲ್ಲ ಅಕ್ಕಯ್ಯ?"

"ಹೌದು, ಹಚ್ಚದೆ ಕತ್ತಲಲ್ಲಿ ಕೂರಲಾ?"

ಬಯ್ಯದೆ ಮೇಲೆ ಹತ್ತಿದ್ದರೆ ವರ್ಜ್ಯಕ್ಕೆ ಮುಂಚೆ ಮುಟ್ಟುತ್ತಿದ್ದೆ ಎಂದು ನಮ್ಮನೆಯವರು ಇವತ್ತಿಗೂ ಅನ್ನುತ್ತಾರೆ. ಗುರುವಾರ ಅಕ್ಕಯ್ಯ ಗುಂಟೂರಿನ ತಂಗಿಯನ್ನು ನೋಡಲು ಹೋದವರು ದೀಪ ಹಚ್ಚಿದ ಮೇಲೇ ಬಂದರು. ಉಳಿದದ್ದು ಶುಕ್ರವಾರ. ಅವತ್ತು ಮಧ್ಯಾಹ್ನವೇ ರೈಲು. ಬರಿ ಸೊಂಟದ ಮೊಮ್ಮಗಳನ್ನು ಬೀಗರ ನೆಂಟರ ಮುಂದೆ ಹೇಗೆ ತೊಟ್ಟಿಲಿಗೆ ಹಾಕಲಿ ಎಂದು ನನಗೆ ಅಳು ಬಂತು. ಅಳುತ್ತಲೇ ಚಪಾತಿ ಕಟ್ಟುತ್ತಿದ್ದೆ. ನಮ್ಮನೆಯವರು ಮೆಲ್ಲಗೆ, "ಅದಕ್ಯಾಕೆ ಅಳ್ತೀಯ? ದುಡ್ಡು ಮನೆ ಆಚೆ ಹೋಗಬಾರದು ತಾನೆ? ಅವರನ್ನೇ ಒಳಕ್ಕೆ ಕರಿ" ಎಂದರು. ಮದುವೆಯಾದ ಮೇಲೆ ಅವರು ಆಡಿದ ಬುದ್ಧಿವಂತಿಕೆಯ ಮಾತುಗಳಲ್ಲಿ ಅದು ಮುಖ್ಯವಾದದ್ದು.

ಅಕ್ಕಯ್ಯ ಕ್ಯಾಲೆಂಡರು ನೋಡಿ, ಬೀರು ತೆಗೆದು, ಉಡಿದಾರ ಹಿಡಿದು ಕೆಳಗೆ ಬಂದರು. ಹುಣಸೆಹಣ್ಣು ಹಾಕಿ ತಿಕ್ಕಿದ್ದರು, ಫಳಫಳ ಅನ್ನುತ್ತಿತ್ತು. ನಮ್ಮ ಮಂಚದ ಮೇಲೆ ಕೂತು ದುಡ್ಡು ತೆಗೆದುಕೊಂಡರು, ಎಣಿಸಲಿಲ್ಲ. ಉಡಿದಾರವನ್ನು ನನ್ನ ಕೈಗೆ ಹಾಕಿದರು. ಸಾಲ ತೀರಿತು, ಲಕ್ಷ್ಮಿ ಹೊಸಲು ದಾಟಲಿಲ್ಲ. ನಾನು ಕಾಫಿಗೆ ಎರಡು ಚಮಚ ಸಕ್ಕರೆ ಹೆಚ್ಚಾಗಿ ಹಾಕಿದೆ. ಕಾಫಿ ಕುಡಿದ ಮೇಲೆ ಅಕ್ಕಯ್ಯ ಏಳಬೇಕು, ಏಳಲಿಲ್ಲ.

"ವದಿನಾ, ಈ ದುಡ್ಡು ಈಗ ನನ್ನದು. ಆದರೆ ಆಚೆ ಒಯ್ದರೆ ನಿಮಗೆ ಆಗಲ್ಲ. ಇಲ್ಲೇ ಬಿಟ್ಟರೆ ನೀವು ಬೀಗ ಹಾಕಿ ಹೋಗ್ತೀರಿ."

ಮೂವರೂ ಆ ಕರ್ಚೀಫಿನ ಗಂಟನ್ನು ನೋಡುತ್ತ ಕೂತೆವು. ರೈಲಿನ ಹೊತ್ತಾಗುತ್ತಿತ್ತು. ಅಕ್ಕಯ್ಯನೇ ಕೊನೆಗೆ ಗಂಟನ್ನು ಉಡಿದಾರದ ಪಕ್ಕದಲ್ಲಿಟ್ಟು, "ಪಾಪು ಕೈಯಲ್ಲಿ ಇಡಿ. ನಾಮಕರಣಕ್ಕೆ ದೊಡ್ಡಜ್ಜಿ ಮುಯ್ಯಿ ಅನ್ನಿ" ಎಂದರು. ಬೇಡವೆಂದೆ, ಕೈ ಹಿಡಿದುಕೊಂಡೆ. ಅವರು, "ನಿಮಗಲ್ಲಮ್ಮಾ, ಅವಳಿಗೆ. ಮೊಮ್ಮಗಳ ಹತ್ತಿರ ಹೋದರೆ ಲಕ್ಷ್ಮಿ ಆಚೆ ಹೋದ ಹಾಗಾ?" ಎಂದರು. ಇದಕ್ಕೆ ಯಾವ ಕ್ಯಾಲೆಂಡರಿನಲ್ಲೂ ಅಡ್ಡಿಯಿರಲಿಲ್ಲ, ಗಂಟನ್ನು ಚೀಲಕ್ಕೆ ಹಾಕಿಕೊಂಡೆ.

ರೈಲು ಹೊರಟ ಮೇಲೆ ಕಿಟಕಿ ಪಕ್ಕ ಕೂತು, ಉಡಿದಾರವನ್ನು ಮಡಿಲಲ್ಲಿ ಇಟ್ಟುಕೊಂಡು, "ರೀ, ಇವತ್ತಿಂದ ನಾವು ಯಾರಿಗೂ ಸಾಲಗಾರರಲ್ಲ" ಎಂದೆ. ಎದೆ ಹಗುರವಾಗಿ ಹಾಡು ಬರುವುದೊಂದು ಬಾಕಿ.

ನಮ್ಮನೆಯವರು ಚಪಾತಿ ಸುರುಳಿ ಮಾಡುತ್ತ, "ಮುಯ್ಯಿ ತಗೊಂಡಿದೀಯಲ್ಲ. ಅವರಿಗೂ ಮೂರು ಜನ ಹೆಣ್ಣು ಮೊಮ್ಮಕ್ಕಳಿದಾರೆ" ಎಂದರು.

ಮುಯ್ಯಿಯನ್ನು ಬಂದಷ್ಟೇ ಹಿಂದಿರುಗಿಸುವುದು ಮರ್ಯಾದೆಯಲ್ಲ, ಮೇಲೆ ಸ್ವಲ್ಪ ಸೇರಿಸಬೇಕು. ನಾನು ಹೊರಗೆ ನೋಡುತ್ತ ಬೆರಳು ಮಡಿಸತೊಡಗಿದೆ. ವಿಶಾಖಪಟ್ಟಣಕ್ಕೆ ಮುಂಚಿನ ಅನಕಾಪಲ್ಲಿ ಬರುವಷ್ಟರಲ್ಲಿ ಆ ಮೂವರು ಹುಡುಗಿಯರನ್ನೂ ಮನಸ್ಸಿನಲ್ಲೇ ದೊಡ್ಡವರನ್ನಾಗಿ ಮಾಡಿ, ಮದುವೆ ಮಾಡಿ, ಒಬ್ಬೊಬ್ಬಳಿಗೆ ಇಷ್ಟಿಷ್ಟು ಎಂದು ಗೊತ್ತು ಮಾಡಿದ್ದೆ. ದೊಡ್ಡವಳಿಗೆ ಒಂದು ರೇಷ್ಮೆ ಕುಪ್ಪಸದ ಕಣ ಜಾಸ್ತಿ ಇಡುವುದೆಂದೂ ತೀರ್ಮಾನವಾಗಿತ್ತು. ಯಾರೂ ಕೇಳಿರಲಿಲ್ಲ.