ಶಕ್ತಿ ಜಾಸ್ತಿಯಾದ ಅತ್ತೆ

ರೋಗನಿರೋಧಕ ಶಕ್ತಿಯೆಂದರೆ ದೇಹದೊಳಗಿನ ಸೈನ್ಯ, ಅದು ಹೆಚ್ಚಿದಷ್ಟೂ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಹಳೆಯ ಚಾಳಿ. ಹೈಸ್ಕೂಲಿನಿಂದ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದು ತಂದ ಸ್ಟೀಲ್ ತಟ್ಟೆಗಳಿಂದಾಗಿ ನಮ್ಮ ಮನೆಯಲ್ಲಿ ಹಬ್ಬಕ್ಕೆ ಬಾಳೆಲೆ ಕೊಳ್ಳುವುದೇ ನಿಂತುಹೋಗಿದೆ. ಆದರೆ ಈ ಸಲದ ವಾದ ವಿಜ್ಞಾನಿಗಳದು. ಹೊರಗಿನಿಂದ ಬಂದವರನ್ನು ಬಡಿಯುವ ಜೀವಕೋಶಗಳ ಜೊತೆಗೆ, ಎತ್ತಿದ ಕೈ ಹಿಡಿದು ‘ಬಿಡೋ, ಇವನು ನಮ್ಮವನೇ’ ಎನ್ನುವ ಜೀವಕೋಶಗಳೂ ನಮ್ಮೊಳಗೆ ಇವೆಯಂತೆ. ಅವನ್ನು ಗುರುತಿಸಿದವರಿಗೆ ಮೊನ್ನೆ ಮೊನ್ನೆ ದೊಡ್ಡ ಬಹುಮಾನವೂ ಬಂತು. ಜಗಳದಲ್ಲಿ ಹೊಡೆಯುವವರಿಗಿಂತ ಬಿಡಿಸುವವರು ಮುಖ್ಯ ಎಂಬುದು ಭದ್ರಾವತಿಯವರಿಗೆ ಮೊದಲೇ ಗೊತ್ತಿತ್ತು. ಯಾರೂ ಬರೆದಿಡಲಿಲ್ಲ, ಅಷ್ಟೆ.

ಈ ಬಿಡಿಸುವವರು ಕೈಕೊಟ್ಟದ್ದು ಅದೇ ಭದ್ರಾವತಿಯ ಜನ್ನಾಪುರದಲ್ಲಿರುವ ನನ್ನ ಸೋದರತ್ತೆ ಸರೋಜತ್ತೆಯ ಮೈಯಲ್ಲಿ. ಬೆಳಗಾದರೆ ಬೆರಳುಗಳು ಊದಿಕೊಂಡು ಹಾಲಿನ ಪ್ಯಾಕೆಟ್ ಕತ್ತರಿಸಲೂ ಆಗುವುದಿಲ್ಲ. ಆ ಬೆರಳುಗಳನ್ನು ನಾನು ಚೆನ್ನಾಗಿ ಬಲ್ಲೆ. ಮಾವ ಕಾರ್ಖಾನೆಯ ಕೆಲಸದಲ್ಲಿದ್ದ ಕಾಲದಲ್ಲಿ, ನ್ಯೂ ಟೌನಿನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಪಕ್ಕದ ಮನೆಯ ತಮಿಳು ಅಮ್ಮನ ಜೊತೆ ಪಂದ್ಯಕ್ಕೆ ಬಿದ್ದು ಮಲ್ಲಿಗೆ ಕಟ್ಟುತ್ತಿದ್ದವು. ಅತ್ತೆಯ ಬಾಯಿ ಬೀದಿಯ ಸುದ್ದಿಯಲ್ಲಿ, ಕಣ್ಣು ನನ್ನ ಮಗ್ಗಿ ಪುಸ್ತಕದಲ್ಲಿ; ಬೆರಳುಗಳು ತಮ್ಮಷ್ಟಕ್ಕೆ ತಾವು. ಹದಿನೇಳರ ಮಗ್ಗಿ ತಪ್ಪಿದರೆ, ಎಡಗೈಯ ಹೂವು ಬಿಡದೆಯೇ ಬಲಗೈ ಬಂದು ಕಿವಿ ಹಿಂಡುತ್ತಿತ್ತು. ಇಡೀ ದಿನ ಕಿವಿಯೆಲ್ಲ ಮಲ್ಲಿಗೆ ಘಮ. ಹದಿನೇಳರ ಮಗ್ಗಿ ನನಗೆ ಇಂದಿಗೂ ಬಾರದು. ತಪ್ಪಿದರೆ ಕಿವಿ ಹಿಂಡಲು ಆ ಬೆರಳುಗಳಿಗೂ ಈಗ ಆಗದು.

ಶಿವಮೊಗ್ಗದ ಡಾಕ್ಟರು, “ನಿಮಗೆ ಶಕ್ತಿ ಜಾಸ್ತಿಯಾಗಿದೆಯಮ್ಮ, ಅದು ನಿಮ್ಮ ಕೀಲುಗಳನ್ನೇ ತಿಂತಿದೆ” ಎಂದು, ಅದನ್ನು ತಗ್ಗಿಸಲು ವಾರಕ್ಕೊಮ್ಮೆ ನುಂಗುವ ಮಾತ್ರೆ ಬರೆದುಕೊಟ್ಟರು. ಅತ್ತೆಗೆ ಕೇಳಿಸಿದ್ದು ಮಾತಿನ ಮೊದಲರ್ಧ. ಬಸ್ಸಿಳಿದವರೇ ಬೀದಿಗೆಲ್ಲ, “ನಂಗೆ ಶಕ್ತಿ ಜಾಸ್ತಿಯಂತೆ ಕಣ್ರೀ!” ಎಂದು ಸಾರಿಕೊಂಡು ಬಂದರು.

ಹೋದ ತಿಂಗಳು ರಕ್ತಪರೀಕ್ಷೆಯಲ್ಲಿ ಲಿವರ್ ಸರಿಯಿಲ್ಲವೆಂದು ಬಂತು. ಡಾಕ್ಟರು ಬೇರೇನಾದರೂ ಔಷಧಿ ತಗೊಳ್ತೀರಾ ಎಂದು ಕೇಳಿದರು.

“ಔಷಧಿ ಏನಿಲ್ಲ ಡಾಕ್ಟ್ರೇ. ದಿನಾ ಒಂದು ಲೋಟ ಅಮೃತಬಳ್ಳಿ ಕಷಾಯ. ನೀವು ಶಕ್ತಿ ಇಳಿಸ್ತೀರಲ್ಲ, ನಾನು ಸ್ವಲ್ಪ ಏರಿಸ್ಕೊಳ್ತೀನಿ. ಬ್ಯಾಲೆನ್ಸ್ ಆಗ್ಲಿ ಅಂತ.”

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡನ್ನೂ ಲಿವರ್ ತಾಳದು; ಕಷಾಯ ನಿಲ್ಲಬೇಕು, ಇಲ್ಲವೇ ಮಾತ್ರೆ ನಿಲ್ಲಿಸಬೇಕಾಗುತ್ತದೆ. ಮಾತ್ರೆ ನಿಂತರೆ ಬೆರಳುಗಳು ಸೊಟ್ಟಗಾಗಿ ಹಾಗೇ ಉಳಿಯಬಹುದು ಎಂದರು. ಅತ್ತೆಯನ್ನು ಒಪ್ಪಿಸುವ ಕೆಲಸ, ಮಾತಿನಮಲ್ಲನೆಂಬ ಕಾರಣಕ್ಕೆ, ನನ್ನ ಹೆಗಲಿಗೆ ಬಿತ್ತು.

ಭಾನುವಾರ ಜನ್ನಾಪುರಕ್ಕೆ ಹೋದೆ. ಸೈನ್ಯ, ಜಗಳ ಬಿಡಿಸುವವರು, ಲಿವರ್ ಎಲ್ಲವನ್ನೂ ಒಂದೊಂದಾಗಿ ಮಂಡಿಸಿದೆ. ಅತ್ತೆ ಬೆರಳು ಮಡಚಲಾಗದೆ ಕಷಾಯದ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಕೊನೆಯವರೆಗೂ ಕೇಳಿದರು.

“ಮುಗೀತಾ? ಕೊರೋನಾ ಟೈಮಲ್ಲಿ ಇದನ್ನ ಕುಡೀರಿ ಅಂತ ಹೇಳಿದ್ಯಾರು ಮಾರಾಯ?”

“ಯಾರು?”

“ನೀನೇ! ಇಲ್ಲೇ, ಟಿವಿ ಮುಂದೆ ನಿಂತ್ಕೊಂಡು. ಕೇಳಿ ನಂಗೆ ಅಳುನೇ ಬಂದಿತ್ತು. ಮಾರನೇ ದಿನವೇ ಬಳ್ಳಿ ತಂದು ಕಾಂಪೌಂಡ್ ಹತ್ರ ನೆಟ್ಟೆ.”

ಆಗ ನೆನಪಾಯಿತು. ಲಾಕ್‌ಡೌನಿನಲ್ಲಿ ಒಂದು ಆನ್‌ಲೈನ್ ಚರ್ಚಾಸ್ಪರ್ಧೆಯಿತ್ತು. ಹೊಳಲೂರಿನ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಅತ್ತೆಯ ಮನೆ ಸೇರಿದ್ದೆ. ರೋಗನಿರೋಧಕ ಶಕ್ತಿಯೊಂದಿದ್ದರೆ ಸಾಕು, ಬೇರೇನೂ ಬೇಡ ಎಂಬುದರ ಪರವಾಗಿ ಮಾತಾಡಲು ಸಂಘಟಕರು ನನ್ನನ್ನು ನಿಲ್ಲಿಸಿದ್ದರು. ಒಂದು ವಾರ ಅತ್ತೆಯನ್ನು ಕೂರಿಸಿಕೊಂಡು ಅಭ್ಯಾಸ ಮಾಡಿದೆ. ಅಮೃತಬಳ್ಳಿಯ ಹತ್ತಿರ ಬಂದಾಗ ದನಿ ನಡುಗಿಸಬೇಕೆಂದು ಕಾಗದದಲ್ಲಿ ಗುರುತು ಹಾಕಿಕೊಂಡಿದ್ದೆ. ಮೊದಲ ಬಹುಮಾನ ಬಂತು. ಅತ್ತೆ ಕೇಸರಿಬಾತ್ ಮಾಡಿದ್ದರು.

“ಅತ್ತೆ, ಅದು ಸ್ಪರ್ಧೆ. ಅವ್ರು ಕೊಟ್ಟ ಕಡೆ ಮಾತಾಡ್ಬೇಕು. ಅದ್ರಲ್ಲಿ ಒಂದು ಮಾತನ್ನೂ ನಾನು ನಂಬಿರ್ಲಿಲ್ಲ.”

ಅತ್ತೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನ್ನ ಬಳಿ ಉತ್ತರವಿತ್ತು. ತುಟಿಯವರೆಗೆ ಎತ್ತಿದ ಲೋಟವನ್ನು ಅಲ್ಲೇ ನಿಲ್ಲಿಸಿ, ಮಗ್ಗಿ ತಪ್ಪಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು.

“ನಂಬದೇನೇ ಅಷ್ಟು ಚೆನ್ನಾಗಿ ಹೇಳಿದ್ಯಾ? ಹಾಗಾದ್ರೆ ಈಗ ಇಷ್ಟು ಚೆನ್ನಾಗಿ ಹೇಳ್ತಿದೀಯಲ್ಲ, ಇದನ್ನ ನಂಬಿ ಹೇಳ್ತಿದೀಯ ಅಂತ ನಾನು ಹೇಗೆ ತಿಳ್ಕೊಳ್ಳೋದು ಮಾರಾಯ?”